ನಮ್ಮ ಮೋಟಾರು ಸುಟ್ಟ ದಿನ

2018ರಲ್ಲಿ ನಾನು ಹೊಸಪೇಟೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥನಾಗಿದ್ದೆ. ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್ ತಯಾರಿಸುತ್ತಿದ್ದೆವು. ಪ್ಲಾಸ್ಟಿಕ್ ಭಾಗಗಳು ಹೊರಗಿನಿಂದ ಬರುತ್ತಿದ್ದವು. ಮೋಟಾರು ಮಾತ್ರ ನಮ್ಮದೇ. ಅದಕ್ಕೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸವನ್ನು ಚಿತ್ತವಾಡ್ಗಿಯ ಹದಿನೆಂಟು ಹೆಣ್ಣುಮಕ್ಕಳು ಮಾಡುತ್ತಿದ್ದರು. ಅವರ ಮೇಲ್ವಿಚಾರಕಿ ಗಂಗಮ್ಮ, ಒಂದು ಸುತ್ತು ಸಡಿಲವಿದ್ದರೂ ಬೆರಳಾಡಿಸಿ ಹೇಳುವಾಕೆ.

ಆ ಜೂನ್‌ನಲ್ಲಿ ಮಾಲೀಕರಾದ ಬಸವಲಿಂಗಪ್ಪನವರು ನನ್ನನ್ನು ಕರೆಸಿ, ಮೇಜಿನ ಮೇಲಿದ್ದ ಚೀನಾದ ವ್ಯಾಕ್ಯೂಮ್ ಕ್ಲೀನರ್ ತೋರಿಸಿದರು.

"ಕುಂದ್ರಿ. ಇದು ಪೂರ್ತಿ ತಯಾರಾಗಿ ಬರ್ತತಿ. ನಮ್ಮ ಹೆಸರಿನ ಚೀಟಿ ಹಚ್ಚಿದ್ರ ಸಾಕು. ಎರಡೂ ಓಡಿಸಿ ನೋಡ್ರಿ. ನಮ್ಮದು ಗೆದ್ರ ನಮ್ಮದನ್ನ ಮಾಡೋಣ."

ನಮ್ಮದೇ ಗೆಲ್ಲುತ್ತದೆಂದು ನಂಬಿದ್ದರಿಂದ ಕಠಿಣ ಪರೀಕ್ಷೆಯನ್ನೇ ಆರಿಸಿಕೊಂಡೆ. ಕಬ್ಬಿಣದ ಗಣಿಗಳಿರುವ ಸಂಡೂರಿನಿಂದ ಒಂದು ಚೀಲ ಕೆಂಪು ಅದಿರಿನ ಧೂಳು ತರಿಸಿ, ದಿನವೂ ಎರಡೂ ಯಂತ್ರಗಳಿಂದ ಎಳೆಸಿದೆ. ಒಂಬತ್ತನೆಯ ದಿನ ನಮ್ಮದು ಕಿರುಗುಟ್ಟಿ, ಸುಟ್ಟ ವಾಸನೆ ಬಿಟ್ಟು ನಿಂತಿತು. ಇನ್ನೊಂದು ಓಡುತ್ತಲೇ ಇತ್ತು. ನಮ್ಮವೇ ಮತ್ತೆರಡು ತಂದು ಹಚ್ಚಿದೆ. ಅವೂ ಸುಟ್ಟವು.

ಬಿಚ್ಚಿ ನೋಡಿದೆ. ಸುತ್ತಿದ ಕೈಗಳ ತಪ್ಪೇನೂ ಇರಲಿಲ್ಲ. ಫಿಲ್ಟರಿನ ಸುತ್ತಲಿನ ಗ್ಯಾಸ್ಕೆಟ್, ಅಂದರೆ ರಬ್ಬರ್ ಪಟ್ಟಿ, ಸರಿಯಾಗಿ ಕೂರದೆ ಕೂದಲೆಳೆಯಷ್ಟು ಸಂದಿ ಬಿಟ್ಟಿತ್ತು. ಅಲ್ಲಿಂದ ಧೂಳು ಬೇರಿಂಗಿಗೆ ಇಳಿದು, ಮೋಟಾರು ಬಿಗಿದುಕೊಂಡು ಸುಟ್ಟಿತ್ತು. ಆ ಪಟ್ಟಿಯನ್ನು ಒಪ್ಪಿ ಸಹಿ ಹಾಕಿದವನು ನಾನೇ.

ಆಮೇಲೆ ದೂರುಗಳ ಫೈಲ್ ತೆಗೆದೆ. ಎರಡು ವರ್ಷಗಳಲ್ಲಿ ಧೂಳು ಒಳಗಿಳಿದು ಮೋಟಾರು ಸುಟ್ಟಿತೆಂದು ಸಂಡೂರಿನ ಮನೆಗಳಿಂದ ಹನ್ನೊಂದು ಪತ್ರ ಬಂದಿದ್ದವು. ಎಲ್ಲದರ ಮೇಲೂ ನನ್ನ ಕೈಬರಹ: "ಬಳಕೆದಾರರ ತಪ್ಪು".

ಗಂಗಮ್ಮ ಬಾಗಿಲಲ್ಲಿ ನಿಂತಿದ್ದರು. "ಸರ್, ಹುಡುಗ್ಯಾರು ಊಟಾನೂ ಮಾಡವಲ್ರು. ನಮ್ಮ ಕೈಕೆಲಸ ತಪ್ಪಾತೇನ್ರಿ?"

"ಇಲ್ಲಮ್ಮ. ತಪ್ಪು ನಂದು."

"ಹಂಗಂತನ ಬರೀರಿ ಮತ್ತ. ಕೆಲಸ ಹೋದ್ರ ಹೋಗ್ಲಿ, ಕೆಲಸ ಕೆಡಿಸಿದ್ರು ಅನ್ನೋ ಮಾತು ಬ್ಯಾಡ."

ಹಾಗೇ ಬರೆದೆ. ಹನ್ನೊಂದು ಪತ್ರಗಳನ್ನೂ ವರದಿಗೆ ಲಗತ್ತಿಸಿದೆ. ರಬ್ಬರ್ ಪಟ್ಟಿ ಬದಲಿಸಲು ಒಂದು ತಿಂಗಳು ಕೊಡಿ ಎಂದು ಮಾಲೀಕರ ಮುಂದೆ ಅಂಗಲಾಚಿದೆ. ಅವರು ಪತ್ರಗಳನ್ನು ಒಂದೊಂದಾಗಿ ತಿರುವಿ, ಮೆಲ್ಲಗೆ ಹೇಳಿದರು: "ಎರಡು ವರ್ಷ ಇತ್ತಲ್ರಿ ನಿಮಗ."

ಆಗಸ್ಟ್‌ನಲ್ಲಿ ವೈಂಡಿಂಗ್ ವಿಭಾಗ ಮುಚ್ಚಿತು. ಗಂಗಮ್ಮನಿಗೂ ಇನ್ನಿಬ್ಬರಿಗೂ ಕಂಪ್ಲಿಯ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಉಳಿದವರು ಚದುರಿಹೋದರು. ನನ್ನ ಕೆಲಸ ಮಾತ್ರ ಉಳಿಯಿತು: ಚೀನಾದಿಂದ ಹಡಗಿನಲ್ಲಿ ಬಂದ ಪೆಟ್ಟಿಗೆಗಳನ್ನು ತಪಾಸಣೆ ಮಾಡುವುದು.

ಹಟಕ್ಕೆ ಬಿದ್ದು, ಉಳಿದಿದ್ದ ನಮ್ಮದೊಂದು ಯಂತ್ರಕ್ಕೆ ಹೊಸ ಪಟ್ಟಿ ಹಾಕಿ ಅದೇ ಧೂಳಿನಲ್ಲಿ ಓಡಿಸಿದೆ. ತಿಂಗಳಾದರೂ ನಿಲ್ಲಲಿಲ್ಲ. ತೋರಿಸಲು ವೈಂಡಿಂಗ್ ಬೆಂಚುಗಳಲ್ಲಿ ಯಾರೂ ಇರಲಿಲ್ಲ.

ನಮ್ಮನ್ನು ಸೋಲಿಸಿದ್ದು ಹೊರದೇಶ ಎಂದು ಹೇಳಿಕೊಳ್ಳುವುದು ಸುಲಭ. ಆದರೆ ನಮ್ಮ ಯಂತ್ರ ಎಲ್ಲಿ ಸೋಲುತ್ತಿದೆ ಎಂದು ಹನ್ನೊಂದು ಮನೆಯವರು ಮೊದಲೇ ತಿಳಿಸಿದ್ದರು. ದೂರು ಬರೆದವರು ಇನ್ನೂ ನಮ್ಮನ್ನು ನಂಬಿದವರು ಎಂಬುದು ನನಗೆ ತಡವಾಗಿ ತಿಳಿಯಿತು. ಆ ಮನೆಗಳು ಬಸ್ಸಿನಲ್ಲಿ ಒಂದು ತಾಸಿನ ದಾರಿ. ನಾನು ಒಮ್ಮೆಯೂ ಹೋಗಿರಲಿಲ್ಲ.