ಇಸ್ಕಂದರೀಯದಲ್ಲಿ ನನ್ನ ಹೊಸ್ತಿಲು

ಒಂದು ಗುರುವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆರೆದರೆ ನನ್ನ ಹೊಸ್ತಿಲ ಮೇಲೆ ಯಾರೋ ಹಿಡಿ ತುಂಬ ಉಪ್ಪು ಚೆಲ್ಲಿದ್ದರು. ಹರಳುಪ್ಪು. ಹಿಂದಿನ ದಿನ ನಾನು ಹಾಕಿದ್ದ ರಂಗೋಲಿಯನ್ನು ನೀರು ಹೊಯ್ದು ತಿಕ್ಕಿ ತೊಳೆದಿದ್ದರು, ಅದರ ಮೇಲೆ ಈ ಉಪ್ಪು. ಯಾಕೆಂದು ಗದಗಿನವಳಾದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲೂ ಕೂಸಿಗೆ ದೃಷ್ಟಿಯಾದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಇಲ್ಲಿ ಇಡೀ ಕಟ್ಟಡಕ್ಕೆ ತಗುಲಿದ ದೃಷ್ಟಿ ನಾನೇ ಆಗಿದ್ದೆ. ಕೆಲಸಕ್ಕೆ ಹೊತ್ತಾಗಿತ್ತು, ಉಪ್ಪು ದಾಟಿ ಹೋದೆ.

ಈ ಊರಿಗೆ ನಕಾಶೆಯಲ್ಲಿ ಅಲೆಕ್ಸಾಂಡ್ರಿಯ ಎಂದು ಬರೆದಿರುತ್ತದೆ. ಇಲ್ಲಿಯವರ ಬಾಯಲ್ಲಿ ಅದು ಇಸ್ಕಂದರೀಯ. ಈಜಿಪ್ತದ ದೊಡ್ಡ ಬಂದರು, ಹತ್ತಿಯ ಪೇಟೆ. ಗದಗಿನಲ್ಲಿ ಹತ್ತಿ ವ್ಯಾಪಾರವಿದ್ದ ಗುಜರಾತಿ ಸೇಟರೊಬ್ಬರು ಇಲ್ಲಿಯೂ ಅಂಗಡಿ ತೆರೆದಾಗ ಅವರ ಇಬ್ಬರು ಹೆಣ್ಣುಮಕ್ಕಳಿಗೆ ಪಾಠ ಹೇಳಲು ಒಬ್ಬ ಬಾಯಿ, ಅಂದರೆ ಶಿಕ್ಷಕಿ, ಬೇಕಾದರು. ಗಂಡ, ಮಕ್ಕಳ ಜಂಜಾಟವಿಲ್ಲದವಳಾದರೆ ಚಲೋ ಎಂದಿದ್ದರಂತೆ. ಆ ಅರ್ಹತೆ ನನಗೆ ಹದಿನಾಲ್ಕನೆಯ ವಯಸ್ಸಿಗೇ ಬಂದಿತ್ತು. ಹುಟ್ಟಿದ್ದು ಲಕ್ಷ್ಮೇಶ್ವರ, ಅದು ಆಗ ಮಿರಜ ಸಂಸ್ಥಾನ. ಕೊಟ್ಟದ್ದು ಶಿರಹಟ್ಟಿಗೆ, ಅದು ಸಾಂಗ್ಲಿಯವರದು. ಗಂಡ ಜ್ವರದಿಂದ ಸತ್ತ ಮೇಲೆ ತಿರುಗಿ ಬಂದದ್ದು ಅಪ್ಪ ಕಚೇರಿ ಕಾರಕೂನನಾಗಿದ್ದ ಗದಗಿಗೆ, ಅದು ಮುಂಬಯಿ ಇಲಾಖೆ. ಚಕ್ಕಡಿಯಲ್ಲಿ ಒಂದು ಹಗಲಿಗೆ ಮುಗಿಯುವ ದಾರಿಯಲ್ಲಿ ಮೂರು ಸರಕಾರಗಳು, ವಿಧವೆಗೆ ಮಾತ್ರ ಮೂರರಲ್ಲೂ ಒಂದೇ ಕಾಯಿದೆ. ಸೇಟರ ಮಾತು ಬಂದಾಗ ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ರಾಜೀನಾಮೆ ಕೊಟ್ಟು ಮುಂಬಯಿಯಲ್ಲಿ ಹಡಗು ಹತ್ತಿದೆ.

ಮೊದಲ ವರ್ಷ ಉಣ್ಣುವುದೇ ಒಂದು ಶಿಕ್ಷೆಯಾಗಿತ್ತು. ಜೋಳವೆಂದು ಕೇಳಿದರೆ ಮೆಕ್ಕೆಜೋಳ ತೋರಿಸುತ್ತಿದ್ದರು. ಮುಲುಖಿಯಾ ಎಂಬ ಸೊಪ್ಪೊಂದಿದೆ. ನಮ್ಮ ಪುಂಡಿಪಲ್ಯದ ಹಾಗೆ ನಾರಿನ ಗಿಡದ ಎಲೆ, ಆದರೆ ಹುಳಿಯಿಲ್ಲ, ಬರೀ ಲೋಳೆ. ಹುಣಸೆಹಣ್ಣು ಹಿಂಡಿ, ಕಣ್ಣು ಮುಚ್ಚಿ ಉಂಡೆ. ಭಾಷೆ ಅಷ್ಟು ಕಾಡಲಿಲ್ಲ. ಲಕ್ಷ್ಮೇಶ್ವರದ ಓಣಿಯಲ್ಲಿ ಕಲಿತ ಉರ್ದು ಇತ್ತಲ್ಲ, ಖಬರ, ಕಿತಾಬ, ದುಕಾನ ಎಂಬ ಅರ್ಧ ಮಾತುಗಳು ಇಲ್ಲಿ ಮೊದಲೇ ಬಂದು ಕುಳಿತಿದ್ದವು. ಕಾಡಿದ್ದು ಒಂಟಿತನ. ಟ್ರಾಮಿನಲ್ಲಿ ನೂರು ಜನರ ನಡುವೆ ಸೀರೆ ಉಟ್ಟವಳು ನಾನೊಬ್ಬಳೇ, ನೂರು ಜೋಡಿ ಕಣ್ಣು ನನ್ನ ನೆರಿಗೆ ಎಣಿಸುತ್ತಿದ್ದವು.

ಆದರೂ ಈ ಊರು ನನಗೆ ಒಂದು ಸುಖ ಕೊಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ಗದಗಿನಲ್ಲಿ ಕೋರ್ಟಿಗೆ ಹೊರಟವರು ಎದುರಿಗೆ ನನ್ನನ್ನು ಕಂಡರೆ ಮನೆಗೆ ತಿರುಗಿ ಹೋಗಿ ನೀರು ಕುಡಿದು ಬರುತ್ತಿದ್ದರು. ಇಲ್ಲಿ ಫೂಲ್ ಮಾರುವ ಮುದುಕ, ಫೂಲ್ ಎಂದರೆ ರಾತ್ರಿಯಿಡೀ ಬೇಯಿಸಿದ ದಪ್ಪ ಅವರೆಕಾಳು, ಒಂದು ಬೆಳಿಗ್ಗೆ ನಾನು ಕೊಟ್ಟ ನಾಣ್ಯವನ್ನು ಹಣೆಗೆ ಒತ್ತಿಕೊಂಡ. "ಇವತ್ತಿನ ಬೋಣಿ ನಿನ್ನ ಕೈಲೇ ಆತವ್ವಾ, ಚಲೋ ಆಕ್ಕೇತಿ ನೋಡು" ಎಂದ. ಆಡಿದ್ದು ಅರಬ್ಬಿಯೇ, ನನ್ನ ಕಿವಿಗೆ ಮಾತ್ರ ಇಲ್ಲಿಯವರ ಮಾತೆಲ್ಲ ನಮ್ಮ ಕಡೆಯ ಕನ್ನಡವಾಗಿಯೇ ಬೀಳುತ್ತದೆ, ಹಾಗೆಯೇ ಬರೆಯುತ್ತೇನೆ. ನನ್ನ ಕೈಯಿಂದ ಬೋಣಿ! ಗದಗಿನಲ್ಲಿ ಯಾವ ಅಂಗಡಿಯವನಿಗೂ ಆ ಎದೆಗಾರಿಕೆ ಇರಲಿಲ್ಲ. ಆ ದಿನ ಸಮುದ್ರದ ದಂಡೆಯ ಮೇಲೆ ಒಬ್ಬಳೇ ಬಹಳ ದೂರ ನಡೆದೆ.

ಮೂರು ವರ್ಷದ ಮೇಲೆ, ಹಡಗಿನ ಕಾಲುವೆಗಾಗಿ ಇಂಗ್ಲಿಷರ ಜೊತೆ ಜಗಳ ಶುರುವಾದ ಬೇಸಿಗೆಯಲ್ಲಿ, ಸೇಟರು ಅಂಗಡಿ ಮುಚ್ಚಿ ಹೊರಟರು. "ಬಾಯಿ, ನೀವೂ ಹೊರಡಿ" ಎಂದರು. ನಾನು ಹೊರಡಲಿಲ್ಲ. ಇಲ್ಲಿಯ ಹುಡುಗಿಯರ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತ್ತು. ಅವರು ನಮ್ಮ ಕಸೂತಿಯ ಗೋಪುರ, ನವಿಲು ನೋಡಿ ಮರುಳಾಗಿದ್ದರು. ಸಿತ್ ಜೈನಬ್ ಎಂಬ ವಿಧವೆಯ ಕಟ್ಟಡದಲ್ಲಿ ಒಂದು ಕೋಣೆಯೂ ಸಿಕ್ಕಿತು. ಸಿತ್ ಎಂದರೆ ನಮ್ಮಲ್ಲಿ ಬಾಯಿ ಎಂದ ಹಾಗೆ. ಒಂಟಿ ಹೆಂಗಸಿಗೆ ಯಾರೂ ಕೋಣೆ ಕೊಡುವುದಿಲ್ಲ, ಸೇಟರ ಮುಖ ನೋಡಿ ಆಕೆ ಕೊಟ್ಟಳು.

ಮೂವತ್ತೈದು ವರ್ಷಕ್ಕೆ ನನ್ನದೆಂಬ ಒಂದು ಬಾಗಿಲು. ಗಂಡ ಸತ್ತ ವರ್ಷ, ತವರಿನ ಅಂಗಳದಲ್ಲಿ ಎಂದಿನಂತೆ ರಂಗೋಲಿ ಹಾಕಲು ಕುಳಿತಿದ್ದಾಗ ಅವ್ವ ಬಂದು ಕೈಯೊಳಗಿನ ಬಟ್ಟಲು ಕಸಿದುಕೊಂಡಿದ್ದಳು. "ಬ್ಯಾಡ ಕಾಶೀ, ನಿನ್ನ ಕೈಲೆ ಬ್ಯಾಡ. ಮಂದಿ ಏನಂದಾರು? ಒಳಗ ನಡಿ" ಎಂದು ಅತ್ತಳು. ಅಂದಿನಿಂದ ನಾನು ರಂಗೋಲಿ ಮುಟ್ಟಿರಲಿಲ್ಲ. ಇಲ್ಲಿ ನನ್ನ ಹಣೆಬರಹ ಯಾರಿಗೂ ಗೊತ್ತಿಲ್ಲವಲ್ಲ! ಕಲ್ಲು ಕೆತ್ತುವವನ ಅಂಗಡಿಯಿಂದ ಅಮೃತಶಿಲೆಯ ಪುಡಿ ತಂದು, ಹೊಸ್ತಿಲು ತೊಳೆದು, ಚುಕ್ಕಿಯಿಟ್ಟು ಗೆರೆ ಎಳೆದೆ. ಕೈ ಮರೆತಿರಲಿಲ್ಲ. ತಿಂಗಳುಗಟ್ಟಲೆ ದಿನಕ್ಕೊಂದು ಹಾಕಿದೆ.

ಎದುರು ಬಾಗಿಲಿನ ಸೊಸೆ ಫಿರ್ದೌಸ್ ಮೂರು ತಿಂಗಳ ಬಸುರಿ. ಒಂದು ಬುಧವಾರ ನನ್ನ ರಂಗೋಲಿ ದಾಟಿ ಮೆಟ್ಟಿಲಿಳಿದು ಹೋದಳು, ಮಧ್ಯಾಹ್ನ ಅವಳ ಬಸುರು ಇಳಿಯಿತು. ನೋಡಲು ಹೋದ ನನ್ನನ್ನು ಅವಳ ಅತ್ತೆ ಬಾಗಿಲಲ್ಲೇ ತಡೆದಳು.

"ದಿನಾ ನಸುಕಿನ್ಯಾಗ ಆ ಚುಕ್ಕಿ, ಆ ಗಂಟು, ಯಾರ ಮ್ಯಾಲ ಬರೀತಿ? ನಮಗೇನ ಕಣ್ಣಿಲ್ಲನು?"

ಇಲ್ಲಿ ಮಾಟ ಮಾಡುವವರು ಚೌಕ ಬರೆದು, ಗಂಟು ಹಾಕಿ, ಬೇಡಾದವರ ಹೊಸ್ತಿಲಲ್ಲಿ ಇಡುತ್ತಾರಂತೆ. ನನಗೆ ಅದು ತಿಳಿದದ್ದು ಆಗ. ಮರುದಿನ ಉಪ್ಪು ಬಿತ್ತು. ಊರಿನಲ್ಲಿ ವಿಧವೆಯ ಕೈಯೆಂದು ಹೆದರಿದರು, ಇಲ್ಲಿ ಮಾಟಗಾತಿಯ ಕೈಯೆಂದು ಹೆದರಿದರು. ಸಮುದ್ರ ದಾಟಿ ಬಂದದ್ದು ಇಷ್ಟಕ್ಕೇ ಏನು? ಫಿರ್ದೌಸಳಿಗಾಗಿ ಕಣ್ಣೀರು ಹಾಕಿದೆ, ನನಗಾಗಿಯೂ ಹಾಕಿದೆ, ಸುಳ್ಳು ಯಾಕೆ ಹೇಳಲಿ.

ಸಿತ್ ಜೈನಬ್ ಮೇಲೆ ಬಂದು ನನ್ನ ಮಂಚದ ಮೇಲೆ ಕುಳಿತಳು. ಕೆಟ್ಟವಳಲ್ಲ ಆಕೆ.

"ನೀ ಹಂಗ ಮಾಡಾಕಿ ಅಲ್ಲ ಅಂತ ನನಗ ಗೊತ್ತೈತಿ. ಆದ್ರ ಇವ್ರ ಬಾಯಿ ಮುಚ್ಚಸೂದು ಹ್ಯಾಂಗ? ಹಿಂದಿಲ್ಲ ಮುಂದಿಲ್ಲ ಅಂದ್ರ ಮಂದಿ ಏನರ ಅಂತಾರ. ನಿಮ್ಮ ಮನಿ ಗಂಡಸರ ಕಡಿಂದ ಒಂದ ಕಾಗದ ತರಸು, ಈಕಿ ನಮ್ಮ ಮನಿಯಾಕಿ ಅಂತ. ರಮಜಾನ ತನಕ ಕಾಯ್ತೀನಿ. ಬರಲಿಲ್ಲಂದ್ರ ಕೋಣಿ ಬಿಡು."

ಶಾಲೆಯವರ ನಿಯಮವೂ ಕಟ್ಟುನಿಟ್ಟು: ವಿಳಾಸವಿಲ್ಲದವಳಿಗೆ ಕೆಲಸವಿಲ್ಲ. ಕೋಣೆ ಹೋದರೆ ಎಲ್ಲ ಹೋದಂತೆ, ಮತ್ತೆ ಗದಗಿನ ಅಡುಗೆಮನೆಯ ಮೂಲೆ. ಗಂಡಸೆಂದು ಉಳಿದವನು ಅಣ್ಣ ರಾಘಣ್ಣ ಒಬ್ಬನೇ. ಅಪ್ಪ ಅದೇ ಶ್ರಾವಣದಲ್ಲಿ ತೀರಿಕೊಂಡಿದ್ದರು, ಸುದ್ದಿ ನನಗೆ ಮುಟ್ಟಿದಾಗ ಹದಿನಾಲ್ಕು ದಿನ ಕಳೆದು ಹೋಗಿತ್ತು. ಅಣ್ಣನಿಗೆ ಎಲ್ಲ ಬಿಡಿಸಿ ಬರೆದೆ. ಕಾಗದ ಹಾಕಿದ ವಾರದಲ್ಲೇ ಇಲ್ಲಿ ಯುದ್ಧ ಬಿತ್ತು. ವಿಮಾನಗಳ ಹೆದರಿಕೆಗೆ ಊರಿನ ಕಿಟಕಿಗಳಿಗೆಲ್ಲ ನೀಲಿ ಬಣ್ಣ ಬಳಿದರು. ಹಗಲಿನಲ್ಲೂ ಕೋಣೆಯೊಳಗೆ ಎಲ್ಲರೂ ಮುಳುಗಿದವರಂತೆ ಕಾಣುತ್ತಿದ್ದರು. ಅಂಚೆ ನಿಂತಿತು. ನಾನು ರಂಗೋಲಿ ಬಿಟ್ಟು, ಬೆಳಿಗ್ಗೆ ಬಾಗಿಲು ಮುಚ್ಚಿಕೊಂಡೇ ಕಾದೆ.

ಅಣ್ಣನ ಉತ್ತರ ಕೈಗೆ ಬಂದದ್ದು ಜನವರಿ ಕೊನೆಗೆ. "ಗಂ. ಭಾ. ಕಾಶೀಬಾಯಿಗೆ ಆಶೀರ್ವಾದ" ಎಂದು ಶುರುವಾಗಿತ್ತು. ನಮ್ಮವರು ವಿಧವೆಯ ಹೆಸರಿಗೆ ಹಚ್ಚುವ ಆ ಎರಡಕ್ಷರ ನೋಡಿ ಎಷ್ಟು ದಿನವಾಗಿತ್ತು! ಒಂದೂವರೆ ಪುಟ ಬರೀ ಏಕೀಕರಣದ ಸಂಭ್ರಮ. ನವೆಂಬರ್ ಒಂದಕ್ಕೆ ಗದಗಿನಲ್ಲಿ ಮೆರವಣಿಗೆ ಹೊರಟಿತಂತೆ, ಅಣ್ಣ ಮನೆ ಮನೆಗೆ ಪೇಢೆ ಹಂಚಿದನಂತೆ. ಮುಂಬಯಿಯವರು, ಸಂಸ್ಥಾನದವರು, ಹೈದರಾಬಾದಿನವರು, ಅಗಲಿದ ಕನ್ನಡದ ಮಕ್ಕಳೆಲ್ಲ ಒಂದೇ ಮನೆಯವರಾದೆವು ಎಂದು ಬರೆದಿದ್ದ. ಓದುತ್ತ ನನಗೂ ಕಣ್ಣು ತುಂಬಿತು. ಪುಟ ತಿರುಗಿಸಿದೆ.

"ಹೊಸ ಕಾಯಿದೆಯಂತೆ ಅಪ್ಪನ ಮನೆಯಲ್ಲಿ ನಿನಗೂ ಪಾಲು ಬರುತ್ತದೆಂದು ವಕೀಲರು ಹೇಳುತ್ತಾರೆ. ನೀನು ಅಲ್ಲಿಯೇ ಇರುವವಳು. ಜೊತೆಗಿಟ್ಟ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿ ಕಳಿಸು. ಅದು ಮುಟ್ಟಿದ ಕೂಡಲೆ ನೀ ಕೇಳಿದ ಕಾಗದ ಕಳಿಸುತ್ತೇನೆ."

ಆ ಮನೆಯಲ್ಲಿ ಹದಿನೆಂಟು ವರ್ಷ ನೀರು ಹೊತ್ತವಳು ನಾನು, ಅವನ ಮಕ್ಕಳ ಮುಕುಳಿ ತೊಳೆದವಳು ನಾನು. ಹರಿದು ಹಾಕಬೇಕೆಂದೆ. ಎರಡು ದಿನ ಟ್ರಂಕಿನಲ್ಲಿಟ್ಟೆ, ಮೂರನೆಯ ದಿನ ನಮ್ಮ ಸರಕಾರದ ಕಚೇರಿಗೆ ಒಯ್ದು ಸಾಕ್ಷಿಯ ಮುಂದೆ ಸಹಿ ಮಾಡಿದೆ. ಅಲ್ಲಿಯ ಗುಮಾಸ್ತ ನನ್ನ ಹಳೆಯ ಪಾಸ್‌ಪೋರ್ಟ್ ನೋಡಿ, "ಮುಂಬಯಿ ರಾಜ್ಯ ಅಂತ ಐತಲ್ರಿ ಇದರಾಗ?" ಎಂದ. ಅವನು ಹುಬ್ಬಳ್ಳಿಯವನು, ಬಹಳ ದಿನದ ಮೇಲೆ ನಿಜವಾದ ಕನ್ನಡ ಕೇಳಿದೆ. ಈಗ ಮೈಸೂರು ರಾಜ್ಯವೆಂದು ಹೇಳಿ ತಿದ್ದಿಸಿದೆ. ಅವನು ಖುಷಿಯಿಂದ ನಕ್ಕ.

ಅಣ್ಣ ಮಾತಿಗೆ ತಪ್ಪಲಿಲ್ಲ. ರಮಜಾನಿಗೆ ವಾರವಿರುವಾಗ ಕಾಗದ ಬಂತು. ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, ಮೊಹರು ಒತ್ತಿಸಿದ್ದ. ಶಾಲೆಯ ಕಾರಕೂನ ಬಂದು ಸಿತ್ ಜೈನಬಳಿಗೂ ಎದುರು ಮನೆಯ ಅತ್ತೆಗೂ ಅರಬ್ಬಿಯಲ್ಲಿ ಓದಿ ಹೇಳಿದ: ಕಾಶೀಬಾಯಿ ನನ್ನ ಒಡಹುಟ್ಟಿದ ತಂಗಿ, ಮರ್ಯಾದಸ್ಥರ ಮಗಳು, ಗದಗಿನ ನಮ್ಮ ಮನೆಯವಳು, ಆ ಮನೆಯ ಬಾಗಿಲು ಅವಳಿಗೆ ಯಾವಾಗಲೂ ತೆರೆದಿದೆ. ಅತ್ತೆ ತಲೆ ತಗ್ಗಿಸಿದಳು. ಸಿತ್ ಜೈನಬ್ ಎದ್ದು ಬಂದು ನನ್ನ ಎರಡೂ ಗಲ್ಲ ಹಿಡಿದಳು.

"ಹುಚ್ಚೀ, ಅಷ್ಟ ದೊಡ್ಡ ಮನಿ ಐತಿ ನಿನಗ. ಮೊದಲ ಯಾಕ ಹೇಳಲಿಲ್ಲ?"

"ಐತಿ" ಎಂದೆ.