ಹಿಂದಿರುವುದನ್ನೆಲ್ಲ ಬಿಳಿ ಮಾಡುವ ಕೆಲಸ

ಸೇಲಂ ಪಟ್ಟಣದ ಹಳೆಯ ಬೀದಿಗಳನ್ನು ಅಳಿಸಿದವರು ಯಾರು ಎಂದು ಯಾರಾದರೂ ಹುಡುಕಲು ಹೊರಟರೆ ನಾನೂ ಸಿಕ್ಕಿಬೀಳುತ್ತೇನೆ. ನಾನೇನೂ ಕಟ್ಟಡ ಒಡೆದವಳಲ್ಲ. ಒಂದು ಸಣ್ಣ ಬ್ರಷ್ಷು, ಬಿಳಿ ಪೋಸ್ಟರ್ ಬಣ್ಣದ ಸೀಸೆ, ಅರ್ಧ ಮುರಿದ ಶೇವಿಂಗ್ ಬ್ಲೇಡು, ಇಷ್ಟೇ ನನ್ನ ಸಾಮಾನು. ತೊಂಬತ್ತರ ದಶಕದಲ್ಲಿ ನಾಲ್ಕೈದು ವರ್ಷ ಓಮಲೂರು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸ ಮಾಡಿದೆ. ಹತ್ತನೇ ಕ್ಲಾಸಿನಲ್ಲಿ ಫೇಲಾದವಳಿಗೆ ಚಿತ್ರ ಬರೆಯುವ ಕೈ ಒಂದಿತ್ತು, ಅದು ಅನ್ನ ಹಾಕಿತು.

ಆಗ ನಮ್ಮ ಕಡೆ ಮನೆಯ ಹಿರಿಯರು ತೀರಿಕೊಂಡರೆ ವರ್ಷದ ತಿಥಿಯೊಳಗೆ ಅವರ ದೊಡ್ಡ ಫೋಟೊ ಗೋಡೆಗೆ ಏರಲೇಬೇಕಿತ್ತು. ಬದುಕಿದ್ದಾಗ ಒಬ್ಬರೇ ಕುಳಿತು ಫೋಟೊ ತೆಗೆಸಿಕೊಂಡವರು ಎಷ್ಟು ಮಂದಿ? ಯಾರದೋ ಮದುವೆಯ ಗುಂಪಿನಲ್ಲೋ, ಅಂಗಡಿ ಪೂಜೆಯ ದಿನವೋ, ಪೇಟೆಗೆ ಹೋದಾಗ ಬೀದಿಯಲ್ಲೋ ನಿಂತದ್ದು ಸಿಕ್ಕರೆ ಅದೇ ದೊಡ್ಡದು. ಅದರಿಂದ ಆ ಒಬ್ಬರನ್ನು ಉಳಿಸಿಕೊಂಡು, ಹಿಂದಿರುವುದನ್ನೆಲ್ಲ ಬಿಳಿ ಮಾಡಿ, ದೊಡ್ಡದಾಗಿ ಪ್ರಿಂಟ್ ಹಾಕಿ, ಕೆನ್ನೆಗೆ ತುಟಿಗೆ ಬಣ್ಣ ಹಚ್ಚಿ ಕೊಡಬೇಕು. ಮುಖ ಮುಖ್ಯ. ಮಿಕ್ಕದ್ದೆಲ್ಲ ನನ್ನ ಪಾಲಿಗೆ ಕಸ.

ಆ ಕಸದಲ್ಲಿ ಏನೆಲ್ಲ ಹೋಯಿತು ಎಂದು ಈಗ ಒಂದೊಂದಾಗಿ ನೆನೆಸಿಕೊಳ್ಳುತ್ತೇನೆ. ಸೇಲಂ ಬಜಾರಿನ ಮರದ ಕಂಬದ ಜವಳಿ ಅಂಗಡಿ. ಬಾಗಿಲಿಗೆ ಹಿತ್ತಾಳೆ ಕೊಡಗಳನ್ನು ಸರ ಕಟ್ಟಿ ನೇತುಹಾಕಿದ್ದ ಪಾತ್ರೆ ಅಂಗಡಿ. ಜಟಕಾ ಗಾಡಿ ಬಿಚ್ಚಿಸಿಕೊಂಡು ಹುಲ್ಲು ತಿನ್ನುತ್ತಿದ್ದ ಕುದುರೆ. ಮೂತಿ ಮುಂದೆ ಚಾಚಿದ ಹಳೇ ಕಾಲದ ಬಸ್ಸು, ಅದರ ಮಡ್‌ಗಾರ್ಡಿನ ಮೇಲೆ ಒಂದು ಕಾಲಿಟ್ಟು ಜಂಬದಿಂದ ನಿಂತ ಯಾರದೋ ತಾತ. ತಾತ ಉಳಿದರು, ಬಸ್ಸು ಹೋಯಿತು. ಎತ್ತಿದ ಕಾಲು ಗಾಳಿಯಲ್ಲೇ ನಿಂತುಬಿಟ್ಟದ್ದರಿಂದ ಅದರ ಕೆಳಗೆ ನಾನೊಂದು ಸ್ಟೂಲು ಬರೆಯಬೇಕಾಯಿತು. ಮೇಚೇರಿ ಸಂತೆಯಲ್ಲಿ ಕುರಿಗಳ ನಡುವೆ ನಿಂತಿದ್ದ ಒಬ್ಬರ ಸುತ್ತಲಿನಿಂದ ಇಡೀ ಮಂದೆಯನ್ನೇ ಒಂದು ಮಧ್ಯಾಹ್ನದಲ್ಲಿ ಖಾಲಿ ಮಾಡಿದ್ದೇನೆ.

ಇದರ ಜೊತೆಗೆ ಕೋಟು. ಜೀವಮಾನದಲ್ಲಿ ಒಂದು ಅಂಗಿಗೆ ಎರಡು ಗುಂಡಿ ಹಾಕಿಕೊಳ್ಳದವರಿಗೂ ಸತ್ತ ಮೇಲೆ ಮಕ್ಕಳು ಕೋಟು ತೊಡಿಸುತ್ತಿದ್ದರು. ಹೊಲಿಯುವವಳು ನಾನು. ಓಮಲೂರಿನ ಯಾವ ಟೈಲರೂ ನನ್ನಷ್ಟು ಕೋಟು ಹೊಲಿದಿರಲಿಕ್ಕಿಲ್ಲ.

ಸ್ಟುಡಿಯೋದ ಯಜಮಾನರು ತಮಿಳರು, ಮೆತ್ತಗಿನ ಮನುಷ್ಯ. ಅವರದು ಒಂದೇ ನಿಯಮ: ಹಳೆಯ ಫೋಟೊದ ಮೇಲೆ ಬ್ರಷ್ಷು ಇಡಕೂಡದು. ಮೊದಲು ಅದನ್ನು ಕ್ಯಾಮರಾದಲ್ಲಿ ಹಿಡಿದು, ಬೇರೆ ಪ್ರಿಂಟ್ ಹಾಕಿ, ಏನು ಮಾಡುವುದಿದ್ದರೂ ಆ ಪ್ರಿಂಟಿನ ಮೇಲೆ ಮಾಡಿ, ಅದನ್ನೇ ಮತ್ತೊಮ್ಮೆ ಹಿಡಿದು ದೊಡ್ಡದು ಮಾಡಬೇಕು. ಆದರೆ ಹಾಗೆ ಎರಡು ಸಲ ಹಿಡಿದರೆ ಮುಖ ಮಸುಕಾಗುತ್ತದೆ. ಹಳೆಯದರ ಮೇಲೇ ಹಿನ್ನೆಲೆಯನ್ನು ಬಿಳಿ ಮಾಡಿ ಹಿಡಿದರೆ ಒಂದು ಸುತ್ತು ಉಳಿಯುತ್ತದೆ, ಕಣ್ಣಿನ ರೆಪ್ಪೆ ಕೂಡ ಎಣಿಸಬಹುದು. ಪೋಸ್ಟರ್ ಬಣ್ಣ ತಾನೇ, ಆಮೇಲೆ ಒದ್ದೆ ಹತ್ತಿಯಲ್ಲಿ ಒರೆಸಿದರಾಯಿತು. ಇದು ನನ್ನ ಅತಿಬುದ್ಧಿ. ಯಜಮಾನರು ಇಲ್ಲದಾಗ ಹಾಗೇ ಮಾಡುತ್ತಿದ್ದೆ, ನಿನ್ನ ಕೈ ಚಳಕವೇ ಬೇರೆ ಎಂದು ಅವರು ಹೊಗಳಿದಾಗ ಸುಮ್ಮನೆ ನಗುತ್ತಿದ್ದೆ.

ಒಂದು ದಿನ ಮೇಚೇರಿ ಹತ್ತಿರದ ಹಳ್ಳಿಯವರೊಬ್ಬರು ಬಂದರು. ನಲವತ್ತರ ಆಸುಪಾಸು. ಹಳೆಯ ಪಂಚಾಂಗದೊಳಗೆ ಇಟ್ಟು ತಂದಿದ್ದ ಫೋಟೊವನ್ನು ಮೇಜಿನ ಮೇಲಿಟ್ಟರು. ಸೇಲಂನ ಒಂದು ಬೀದಿ. ಮೇಲೆ ಮರದ ಕಟಾಂಜನದ ಮಹಡಿ, ಕೆಳಗೆ ತಗಡು ಇಳಿಬಿಟ್ಟ ಟೀ ಅಂಗಡಿ. ಪಕ್ಕದಲ್ಲಿ ಬಾಡಿಗೆ ಸೈಕಲ್ಲುಗಳ ಸಾಲು. ಅಂಗಡಿಯ ಮುಂದೆ ಬನಿಯನ್, ಪಂಚೆಯಲ್ಲಿ ಒಬ್ಬ ಗಂಡಸು ಎರಡೂ ಕೈ ಇಳಿಬಿಟ್ಟು ನಿಂತಿದ್ದಾರೆ. ಅವರ ಪಕ್ಕಕ್ಕೆ ಅಡುಗೆಕೋಣೆಯ ಕಿಟಕಿ, ಕಿಟಕಿಯ ಕೆಳಗೆ ಗಿರಾಕಿಗಳು ಕೂರುವ ಬೆಂಚು.

"ಅಪ್ಪ. ತಲೈ ಮಟ್ಟುಂ ಪೋದುಂ," ಎಂದರು. ತಲೆಯೊಂದಿದ್ದರೆ ಸಾಕು ಎಂದು. ಆಮೇಲೆ ಸ್ವಲ್ಪ ನಾಚಿಕೊಂಡು, ಒಂದು ಕೋಟು ಹಾಕಲಾದೀತೇ ಎಂದು ಕೇಳಿದರು.

ಅಂದು ಯಜಮಾನರು ಮದುವೆಯ ಫೋಟೊ ತೆಗೆಯಲು ಹೋಗಿದ್ದರು. ನಾನು ಹಳೆಯದರ ಮೇಲೇ ಕುಳಿತೆ. ಮಹಡಿ ಹೋಯಿತು, ಸೈಕಲ್ಲು ಹೋದವು, ತಗಡು ಹೋಯಿತು. ಕಿಟಕಿ ಮಾತ್ರ ಕಾಟ ಕೊಟ್ಟಿತು. ಒಳಗೆ ಕತ್ತಲು, ಎಷ್ಟು ಬಿಳಿ ಬಳಿದರೂ ಬೂದು ಬೂದಾಗಿ ಇಣುಕುತ್ತಿತ್ತು. ಅದರಿಂದ ಏನೋ ಒಂದು ಆಚೆಗೆ ಚಾಚಿಕೊಂಡು ಗಂಡಸಿನ ಭುಜದ ಹತ್ತಿರಕ್ಕೇ ಬಂದಿತ್ತು, ಕೈಯೋ ಏನೋ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬ್ಲೇಡು ತೆಗೆದುಕೊಂಡು ಕೆರೆದುಬಿಟ್ಟೆ. ಎರಡು ನಿಮಿಷದಲ್ಲಿ ಕಿಟಕಿ ಇದ್ದ ಕಡೆ ಬರೀ ಕಾಗದ ಉಳಿಯಿತು. ಫೋಟೊ ಅದ್ಭುತವಾಗಿ ಬಂತು. ದೊಡ್ಡ ಪ್ರಿಂಟಿನ ಮೇಲೆ ಬರೆದ ಕೋಟಿಗೆ ಜೇಬು ಕೂಡ ಇಟ್ಟೆ.

ಅದನ್ನು ತೆಗೆದುಕೊಂಡು ಹೋಗಲು ಬಂದದ್ದು ಮಗ ಅಲ್ಲ, ತಾಯಿ. ಮಗ ಕಡಲೆಕಾಯಿ ಕೀಳುವ ಅವಸರದಲ್ಲಿದ್ದನಂತೆ, ಆಕೆ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಗಿಡ್ಡನೆಯ ಮುದುಕಿ, ಕಾಲಲ್ಲಿ ಚಪ್ಪಲಿ ಇಲ್ಲ. ನಾನು ದೊಡ್ಡ ಫೋಟೊವನ್ನು ಎದುರಿಗೆ ಹಿಡಿದೆ, ಮೆಚ್ಚುಗೆಗೆ ಕಾದೆ. ಆಕೆ ನೋಡಿದರು. ಅತ್ತಿಂದ ಇತ್ತಿಂದ ನೋಡಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಕನ್ನಡದಲ್ಲಿ ಗೊಣಗಿದರು: "ಕೋಟು ಆಕವ್ರೆ. ಮಾರ್ಗಳಿ ಚಳಿಯಾಗೂ ಬರೀ ಬನೀನಾಗೇ ಟೀ ಆಕ್ತಿದ್ರು."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮನೆಯ ಮಾತೂ ಅದೇ. ಆದರೆ ಹೊಸಿಲು ದಾಟಿದರೆ ತಮಿಳು. ಸ್ಟುಡಿಯೋದಲ್ಲಿ ನಾನು ಕನ್ನಡ ಬಾಯಿಬಿಟ್ಟವಳೇ ಅಲ್ಲ. ಕನ್ನಡದ ಅಕ್ಷರ ಕಲಿತದ್ದಂತೂ ಮದುವೆಯಾಗಿ ಆನೇಕಲ್ಲಿಗೆ ಬಂದ ಮೇಲೆ. ಅಂದು ಮಾತ್ರ, "ಕೋಟು ಕೇಳಿದ್ದು ನಿಮ್ಮ ಮಗನೇ ಅಜ್ಜೀ," ಎಂದುಬಿಟ್ಟೆ.

"ಅಯ್ಯ, ನಮ್ಮ ಮಾತಾಡ್ತೀಯಲ್ಲ ತಾಯಿ," ಎಂದು ಆಕೆ ಬೆಂಚಿನ ಮೇಲೆ ಸಲೀಸಾಗಿ ಕುಳಿತರು. "ಸರಿ ಮಗಾ. ಇದು ಗೋಡೆಗಿರ್ಲಿ. ನನ್ನ ಪೋಟೋ ಕೊಡು. ಹಳೇದು."

ಬಿಳಿ ಬಣ್ಣ ಬಳಿದ ಆ ಫೋಟೊವನ್ನು ನಾನು ಒರೆಸಿಯೇ ಇರಲಿಲ್ಲ, ಡ್ರಾಯರಿನಲ್ಲಿ ಹಾಗೇ ಬಿದ್ದಿತ್ತು.

"ಅದು ಒಳಗೈತೆ. ಮುಂದಿನ ವಾರ ಬನ್ನಿ."

"ಒಳಗೈತೆ ಅಂದ್ಮೇಲೆ ಮುಂದಿನ ವಾರ ಯಾಕೆ? ನಾನು ಕುಂತಿರ್ತೀನಿ. ನಿಧಾನಕ್ಕೆ ತತ್ತಾ."

ಒಳಕೋಣೆಗೆ ಹೋಗಿ ಪರದೆ ಎಳೆದುಕೊಂಡು, ನೀರು, ಹತ್ತಿ ಹಿಡಿದು ಕುಳಿತೆ. ಮೊದಲು ಮಹಡಿಯ ಕಟಾಂಜನ ಬಂತು. ಆಮೇಲೆ ಸೈಕಲ್ಲಿನ ಒಂದು ಚಕ್ರ, ಇನ್ನೊಂದು ಚಕ್ರ. ಬಿಳಿಯ ಕೆಳಗಿಂದ ಬೀದಿ ಒಂದೊಂದಾಗಿ ಎದ್ದು ಬರುತ್ತಿದ್ದರೆ ನನಗೆ ಜೀವ ಬಂದ ಹಾಗಾಗುತ್ತಿತ್ತು. ನಾನು ಅಷ್ಟು ದಿನ ಅಳಿಸಿದ್ದನ್ನು ಅಂದು ಮೊದಲ ಸಲ ಸರಿಯಾಗಿ ನೋಡಿದೆ. ಪರದೆಯ ಆಚೆ ಅಜ್ಜಿ ಮಾತಾಡುತ್ತಲೇ ಇದ್ದರು. ಆ ಅಂಗಡಿಸಾಲು ಈಗ ಇಲ್ಲವಂತೆ, ಒಡೆದು ಲಾಡ್ಜು ಕಟ್ಟಿದ್ದಾರಂತೆ. ಗಂಡ ಮುಂದೆ ಟೀ, ತಾವು ಒಳಗೆ ಇಡ್ಲಿ; ಹದಿನೆಂಟು ವರ್ಷ.

"ಆ ಕಿಟಕಿಯಾಗೆ ನನ್ನ ಕೈ ಐತೆ, ನೋಡಿದ್ಯಾ ಮಗಾ?"

ಹತ್ತಿ ಹಿಡಿದ ನನ್ನ ಕೈ ನಿಂತಿತು.

"ಯಾರೋ ಪಟ್ಟಣದೋರು ದೊಡ್ಡ ಕ್ಯಾಮರಾ ತಂದು ಬೀದಿ ಕಟ್ಟಡ ಎಲ್ಲಾ ಇಡೀತಿದ್ರು. ನಮ್ಮೋರು ಮುಂದೆ ನಿಂತ್ಕಂಡ್ರು. ಎಂಗಸ್ರು ಬೀದಿಗೆ ಬರಬ್ಯಾಡ, ಒಳಗಿರು ಅಂದ್ರು ನಮ್ಮ ಮಾವ. ಇದ್ದೆ. ಆ ಮನುಷ್ಯ ಬಟ್ಟೆ ಒಳಗೆ ತಲೆ ತೂರಿಸ್ದ ನೋಡು, ಆವಾಗ ತಟ್ಟೆ ಇಡ್ಕಂಡು ಕೈ ಆಚೆ ಚಾಚ್ಬಿಟ್ಟೆ. ತಿನ್ನೋರು ಯಾರೂ ಇರ್ಲಿಲ್ಲ. ಬೇಕು ಅಂತ್ಲೇ ಚಾಚ್ದೆ." ಅಜ್ಜಿ ಒಬ್ಬರೇ ನಕ್ಕರು. "ಆಮ್ಯಾಕೆ ಅವ್ರು ಒಂದು ಪೋಟೋ ತಂದು ಕೊಟ್ರು. ನನ್ನ ಕೈ ಬಂದಿರದು ಯಾರ ಕಣ್ಣಿಗೂ ಬೀಳ್ಲಿಲ್ಲ. ಎಲ್ಲಾರೂ ಅಪ್ಪನ ಕಡೆ, ಅಪ್ಪನ ಕಡೆ ಅಂತಾರೆ. ನಾನೂ ಅಲ್ಲಿದ್ದೆ ಅನ್ನಾಕೆ ಅದೊಂದೇ ಐತೆ ನಂಗೆ."

ಕಡೆ ಎಂದರೆ ತಮಿಳಿನಲ್ಲಿ ಅಂಗಡಿ. ಆ ಅಂಗಡಿಯ ಕಿಟಕಿ ಇದ್ದ ಜಾಗದಲ್ಲಿ ಈಗ ಹೆಬ್ಬೆರಳಷ್ಟು ಅಗಲ ಬರೀ ಕಾಗದ. ಒರೆಸಿದರೆ ಬರುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವಳು ನಾನು, ಉಣ್ಣುವವರು ಆಚೆ ಕುಳಿತಿದ್ದರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹೆದರಿಕೆಯಲ್ಲಿ ಒಂದು ಉಪಾಯ ಹೊಳೆಯಿತು. ಅಷ್ಟೊಂದು ಕೋಟು ಬರೆದವಳಿಗೆ ಒಂದು ಕೈ ಯಾವ ಲೆಕ್ಕ? ಬ್ರಷ್ಷು ಅದ್ದಿದೆ, ಕಪ್ಪು ಕಲಸಿದೆ. ಕಿಟಕಿಯ ಚೌಕಟ್ಟು ಎಳೆದೆ. ಕೈ ಶುರು ಮಾಡಬೇಕು, ಎಷ್ಟು ನೆನಪು ಮಾಡಿಕೊಂಡರೂ ಬರುತ್ತಿಲ್ಲ. ಬಲಗೈಯೋ ಎಡಗೈಯೋ? ಬಳೆ ಇದ್ದವೇ? ಅದನ್ನು ಕೆರೆದು ತೆಗೆದವಳು ನಾನೇ, ಆದರೂ ನೋಡಿರಲಿಲ್ಲ.

ಪರದೆ ಸರಿಸಿ ಸಾಧ್ಯವಾದಷ್ಟು ಸಹಜವಾಗಿ ಕೇಳಿದೆ. "ಅಜ್ಜೀ, ಕೈಯಲ್ಲಿ ಎಷ್ಟು ಬಳೆ ಇದ್ವು?"

"ಪೋಟೋದಾಗೇ ಐತಲ್ಲ, ನೋಡ್ಕೋ," ಎಂದವರು ನನ್ನ ಕೈಯಲ್ಲಿದ್ದ ಬ್ರಷ್ಷು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಗು ಹಾಗೇ ಆರಿಹೋಯಿತು.

ಇನ್ನು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಫೋಟೊ ತಂದು ಅವರ ಮಡಿಲಲ್ಲಿಟ್ಟು, ನಾನೇ ಬ್ಲೇಡಿನಿಂದ ಕೆರೆದೆ ಎಂದು ಹೇಳಿದೆ. ಅವರು ಅದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಒರಟಾದ ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ತುಂಬ ಹೊತ್ತು ಆಡಿಸಿದರು. ಬೈದಿದ್ದರೆ ನಾನೂ ಏನಾದರೂ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ, ನನ್ನ ನಾಲಿಗೆ ಅಂಥದ್ದು. ಅವರು ಬೈಯಲೇ ಇಲ್ಲ.

"ನಾನು ಬರೆದು ಕೊಡ್ತೀನಿ ಅಜ್ಜಿ. ಹೇಳಿ, ಎಂಗಿತ್ತೋ ಅಂಗೇ ಬರೀತೀನಿ. ಯಾರಿಗೂ ಗೊತ್ತಾಗಲ್ಲ."

"ಬ್ಯಾಡ," ಎಂದರು. "ನೀನು ಬರುದ್ರೆ ಅದು ನಿನ್ನ ಕೈ ಆಯ್ತದೆ."

ಹಳೆಯ ಫೋಟೊವನ್ನು ಸೆರಗಿನಲ್ಲಿ ಸುತ್ತಿಕೊಂಡು, ದೊಡ್ಡದನ್ನು ಕಂಕುಳಲ್ಲಿ ಇರುಕಿಕೊಂಡು, ಮೇಚೇರಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ ಹೊರಟರು. ನಾನು ಒಳಗೆ ಹೋಗಿ ಅತ್ತೆ. ಸಂಜೆ ಯಜಮಾನರಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ನನ್ನ ಮೇಜಿನಿಂದ ಬ್ಲೇಡು ಎತ್ತಿಕೊಂಡು ಹೋದರು.

ತಿಂಗಳಾದ ಮೇಲೆ ಮಗ ಬಂದರು. ಅಪ್ಪನ ಫೋಟೊ ಊರಿನವರಿಗೆಲ್ಲ ಹಿಡಿಸಿದೆ ಎಂದು ತಮಿಳಿನಲ್ಲಿ ಹೊಗಳಿ, ಆಮೇಲೆ ಕನ್ನಡಕ್ಕೆ ಹೊರಳಿದರು. ಹುಡುಗಿ ನಮ್ಮ ಮಾತಾಡುತ್ತಾಳೆ ಎಂದು ತಾಯಿ ಹೇಳಿದ್ದರಂತೆ. ಪಂಚಾಂಗ ತೆಗೆದು ಅದೇ ಹಳೆಯ ಫೋಟೊವನ್ನು ನನ್ನ ಮುಂದಿಟ್ಟರು.

"ಇದ್ನೂ ಕಟ್ಟು ಆಕ್ಸಿ ಅಪ್ಪನ ಪಕ್ಕದಾಗೆ ತಗುಲಾಕು ಅಂತ ಅವ್ವ ಒಂದೇ ಅಟ. ಇಲ್ಲಿ ನೋಡಿ, ಬಿಳೀ ಆಗೈತೆ. ಇಲಿ ಕೆರೆದಿರ್ಬೇಕು ಅಂದ್ಲು ಅವ್ವ. ಕಿಟಕಿ ಮುಚ್ಚಿ ಗೋಡೆ ತರ ಬಣ್ಣ ಒಡ್ದುಬಿಡಿ, ಚೆನ್ನಾಗಿ ಕಾಣ್ತದೆ."

ಇಲಿ. ಕೆರೆದದ್ದಕ್ಕೆ ಆ ಮುದುಕಿ ನನ್ನ ಹೆಸರು ಕೂಡ ಎತ್ತಿರಲಿಲ್ಲ. ಸುಮ್ಮನಿದ್ದರೆ ಇಲಿಯ ತಲೆಗೇ ಕಟ್ಟಿ ಬ್ರಷ್ಷು ಅದ್ದಬಹುದಿತ್ತು. ಅರ್ಧ ಗಂಟೆಯ ಕೆಲಸ, ನನಗಿಂತ ಚೆನ್ನಾಗಿ ಅದನ್ನು ಮಾಡುವವರಿರಲಿಲ್ಲ.

"ಇಲಿ ಅಲ್ಲಣ್ಣ, ಕೆರೆದದ್ದು ನಾನು. ಅಲ್ಲಿ ನಿಮ್ಮವ್ವನ ಕೈ ಇತ್ತು."

"ಯಾವ ಕೈ?"

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿದ್ದ ಫೋಟೊ. ನಾನು ಹೇಳಿದೆ: ಬಟ್ಟೆಯೊಳಗೆ ತಲೆ ತೂರಿಸಿದ ಕ್ಯಾಮರಾದವನು, ಒಳಗಿರು ಎಂದ ಮಾವ, ತಿನ್ನುವವರೇ ಇಲ್ಲದಾಗ ಬೇಕೆಂದೇ ಚಾಚಿದ ತಟ್ಟೆ. ಅವರು ಫೋಟೊ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದರು. ಬಿಳಿಯ ಜಾಗವನ್ನು ನೋಡಿದರು. ಆಮೇಲೆ ಅದರ ಕೆಳಗಿದ್ದ ಬೆಂಚಿನ ತುದಿಯ ಮೇಲೆ ಬೆರಳಿಟ್ಟು ಹಾಗೇ ನಿಂತರು.

"ಗೋಡೆ ಬ್ಯಾಡ, ಇಂಗೇ ಕಟ್ಟು ಆಕಿ," ಎಂದರು. ಆಮೇಲೆ ನನಗೆ ಬೆನ್ನು ಮಾಡಿಯೇ ಹೇಳಿದರು: "ಇಸ್ಕೂಲಿಂದ ಬಂದು ದಿನಾ ಈ ತುದಿಯಾಗೇ ಕುಂತ್ಕತಿದ್ದೆ. ಆ ಕಿಟಕಿಯಿಂದ ತಟ್ಟೆ ಬರ್ತಿತ್ತು. ಒಂದು ದಿನಾನೂ ತಲೆ ಎತ್ತಿ ನೋಡ್ದೋನಲ್ಲ, ಈಸ್ಕಂಡು ತಿಂತಿದ್ದೆ."