ಫೋನಿನೊಳಗಿನ ಹೆಂಗಸು

ಗರ್ಭಿಣಿಯರ ಮೊಬೈಲಿಗೆ ವಾರಕ್ಕೊಮ್ಮೆ ಕರೆಯಾಗಿ ಹೋಗುವ ಆರೋಗ್ಯ ಸಲಹೆಗಳ ಕನ್ನಡ ಧ್ವನಿ ನನ್ನದು. ವರ್ತಕ್ ನಗರದ ಸ್ಟುಡಿಯೋದಲ್ಲಿ ಫ್ಯಾನ್ ಆಫ್ ಮಾಡಿಸಿ, ಬೆವರು ಒರೆಸಿಕೊಳ್ಳುತ್ತ ಓದಿದ್ದೆ. ಇದನ್ನೆಲ್ಲ ಯಾರು ಕೇಳುತ್ತಾರೆ ಎಂಬ ಅನುಮಾನ ನನಗೇ ಇತ್ತು.

ಅದನ್ನು ತಿಳಿಯಲೆಂದೇ, ಈ ಸಲಹೆಗಳನ್ನು ಕಳಿಸುವ ಸಂಸ್ಥೆಯವರು ನನ್ನನ್ನು ಕಾಮೋಠೆ ಬಡಾವಣೆಯಲ್ಲಿದ್ದ ಉಡುಪಿ ಕಡೆಯವರ ಮನೆಯೊಂದಕ್ಕೆ ಕಳಿಸಿದರು. ಬಾಗಿಲು ತೆರೆದದ್ದು ಬಾಣಂತಿಯ ಅತ್ತೆ. "ನಮಸ್ಕಾರ, ಹೇಗಿದ್ದೀರಿ?" ಎಂದೆ, ಅಷ್ಟೇ.

"ಓ, ನೀನಾ! ಪ್ರತಿ ವಾರ ನಿನ್ನದು ಹೇಳಿ ಫೋನ್ ಇಡುವುದು. ನಾನು ಅಷ್ಟು ಕೇಳಿದೆ, ಒಂದಕ್ಕಾದ್ರೂ ಉತ್ತರ ಕೊಟ್ಟೆಯಾ? ಎಂತ ಅಹಂಕಾರ ಮಾರಾಯ್ತಿ ನಿನಗೆ!"

"ಅದು ರೆಕಾರ್ಡಿಂಗ್ ಅಮ್ಮಾ..."

"ಎಂತದೇ ಇರಲಿ. ಸೊಸೆಗೆ ತಲೆನೋವು ಬಂದಾಗ ಪಿತ್ತ ಅಂತ ನಾನು ಶುಂಠಿ ಅರೀತಾ ಇದ್ದೆ. ಆಗಲೇ ನಿನ್ನ ಫೋನ್. ತಲೆನೋವು, ಕಣ್ಣು ಮಂಜು, ಮುಖ ಊದಿದ್ರೆ ಕೂಡಲೇ ಆಸ್ಪತ್ರೆಗೆ ಹೋಗಿ ಅಂದೆ. ಪಿತ್ತಕ್ಕೂ ಹೋಗಬೇಕಾ ಅಂತ ಕೇಳಿದ್ರೆ ಉತ್ತರವೇ ಇಲ್ಲ! ನೀನು ಹೇಳಿದ್ದು ಸುಳ್ಳು ಅಂತ ತೋರಿಸಲಿಕ್ಕೇ ಅವಳನ್ನು ರಿಕ್ಷಾ ಹತ್ತಿಸಿದೆ. ನೋಡಿದ್ರೆ ಬಿಪಿ ಏರಿ ಹೋಗಿತ್ತು. ಇನ್ನೂ ತಡವಾಗಿದ್ರೆ ಇಬ್ಬರ ಜೀವಕ್ಕೂ ಅಪಾಯ ಇತ್ತಂತೆ."

ಸೊಸೆ ನಗುತ್ತ ಬಂದು ನನ್ನನ್ನು ಒಳಗೆ ಕೂರಿಸಿ, ಮಗುವನ್ನು ಮಡಿಲಿಗೆ ಹಾಕಿದಳು. ಗುಂಡುಗುಂಡಗಿನ ಹೆಣ್ಣುಮಗು, ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹೆಮ್ಮೆಯಿಂದ ಗಂಟಲು ಸರಿಮಾಡಿಕೊಂಡು, "ಮಗುವಿಗೆ ಆರು ತಿಂಗಳಾಗುವವರೆಗೆ ಎದೆಹಾಲು ಮಾತ್ರ..." ಎಂದು ಶುರುಮಾಡಿದೆ.

"ಗೊತ್ತುಂಟು, ಅದನ್ನೂ ನೀನೇ ಹೇಳಿದ್ದಲ್ವಾ? ಈಗ ನಾನು ಹೇಳ್ತೇನೆ, ನೀನು ಕೇಳು!"

ನನಗೆ ತಂದಿಟ್ಟ ಚಹಾ ಆರುವವರೆಗೂ ಅವರು ನಿಲ್ಲಿಸಲಿಲ್ಲ. ಫೋನಿನೊಳಗಿದ್ದಾಗ ನನಗೆ ಮಾತು ಮುಗಿಸುವಷ್ಟಾದರೂ ಅವಕಾಶ ಸಿಗುತ್ತಿತ್ತು.